ಹಣ್ಣು ಬಿಡಿಸಿ ಕೊಟ್ಟ ಸೊಪ್ಪು

ನಮ್ಮ ಅತ್ತೆಯ ಬಾಯಿಗೆ ಹೆಸರು ಗೊತ್ತಿಲ್ಲದ ಹಣ್ಣು ಒಂದು ದಿನವೂ ಹೋದದ್ದಿಲ್ಲ. ಅದು ಅವರ ನೇಮ. ಎಳೆಯ ಪ್ರಾಯದಲ್ಲಿ, ಚಾತುರ್ಮಾಸಕ್ಕೆ ಬಂದಿದ್ದ ಮುನಿಗಳ ಮುಂದೆ ಕೈಮುಗಿದು ಹಿಡಿದ ನೇಮಗಳಲ್ಲಿ ಅದೂ ಒಂದು. ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಬಟ್ಟೆಯಲ್ಲಿ ಸೋಸದೆ ನೀರು ಕುಡಿಯುವುದಿಲ್ಲ, ನೆಲದೊಳಗೆ ಬೆಳೆದ ಗಡ್ಡೆ ಮುಟ್ಟುವುದಿಲ್ಲ, ಅಷ್ಟಮಿ ಚತುರ್ದಶಿಗೆ ಹಸಿರು ಚಿವುಟುವುದಿಲ್ಲ, ಹೆಸರರಿಯದ ಹಣ್ಣು ತಿನ್ನುವುದಿಲ್ಲ. ಜೈನರ ಮನೆಗಳಲ್ಲಿ ಇವೆಲ್ಲ ಇರುವವೇ. ನನ್ನ ತವರಿನಲ್ಲೂ ಇದ್ದವು. ಆದರೆ ನಿಪ್ಪಾಣಿಯ ಪೇಟೆಯಲ್ಲಿ ಬೆಳೆದ ನಮಗೆ ನೇಮವೆಂದರೆ ಹಬ್ಬಕ್ಕೆ ಉಟ್ಟು ಮತ್ತೆ ಮಡಚಿಡುವ ಸೀರೆಯ ಹಾಗೆ. ಅತ್ತೆ ಅದನ್ನು ದಿನಾ ಉಟ್ಟೇ ಇದ್ದವರು.

ನನಗೋ ಮೂಗಿನ ತುದಿಯಲ್ಲೇ ಕೋಪ, ನಾಲಗೆಯೂ ಸ್ವಲ್ಪ ಉದ್ದ. ಮದುವೆಯಾಗಿ ಕಬ್ಬೂರಿನ ಹೊರಗಿನ ಈ ತೋಟದ ಮನೆಗೆ ಬಂದ ಹೊಸದರಲ್ಲಿ ಅತ್ತೆಗೂ ನನಗೂ ದಿನಕ್ಕೊಂದು ಜಗಳ ತಪ್ಪುತ್ತಿರಲಿಲ್ಲ. ಒಮ್ಮೆ ನಮ್ಮ ಮನೆಯವರು ಮಹಾಬಳೇಶ್ವರಕ್ಕೆ ಹೋದವರು ಬರುವಾಗ ಸ್ಟ್ರಾಬೆರಿ ತಂದರು. ಅತ್ತೆ ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಮಗನನ್ನು ಕೇಳಿದರು.

"ಇದರ ಹೆಸರೇನೋ?"

"ಸ್ಟ್ರಾಬೆರಿ, ಅವ್ವಾ."

"ಯಾರ್ ಹೇಳಿದ್ರು?"

"ಮಾರಾಂವ ಹೇಳಿದ."

"ಮಾರಾಂವ ಏನರ ಹೇಳತಾನ. ಅವಂಗ ಮಾರೂದಷ್ಟ ಬೇಕು."

ಹಣ್ಣು ಮತ್ತೆ ಬುಟ್ಟಿಗೆ ಹೋಯಿತು. ನಾನು ಅವರೆದುರೇ ಕೂತು ಒಂದೊಂದನ್ನೇ ಚಪ್ಪರಿಸಿ ತಿಂದೆ. ಈಗ ಬೀಳುತ್ತಾಳೋ ಆಗ ಬೀಳುತ್ತಾಳೋ ಎನ್ನುವಂತೆ ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. "ಬದಕೇನಿ ನೋಡ್ರಿ ಅತ್ತಿ," ಎಂದೆ. "ಇವತ್ತ ಬದಕಿದಿ," ಎಂದರು.

ಎರಡು ಸಾವಿರದ ಹತ್ತರ ಆಸುಪಾಸಿನಲ್ಲಿ ಆ ಗಿಡ ನಮ್ಮ ತೋಟದಲ್ಲಿ ಕಾಣಿಸಿಕೊಂಡಿತು. ಯಾರೂ ನೆಟ್ಟದ್ದಲ್ಲ. ಮೋಟರ್ ಕೋಣೆಯ ಪಕ್ಕದಲ್ಲಿ ಒಂದು ಬೇವಿನ ಮರವಿದೆ, ಅದರಡಿಯಲ್ಲೇ ನಮ್ಮ ಎಮ್ಮೆ ಕಟ್ಟುವುದು. ಹಕ್ಕಿಗಳು ಕೂತು ಹಿಕ್ಕೆ ಹಾಕುವ ಆ ಮರದ ಬುಡದಲ್ಲಿ ಒಂದು ಮಳೆಗಾಲ ತಾನಾಗಿ ಎದ್ದಿತು. ಮೊದಲು ಮೊಣಕಾಲೆತ್ತರ ಇತ್ತು, ಮರುವರ್ಷಕ್ಕೆ ನನ್ನ ತಲೆ ಮುಟ್ಟಿತು. ಎಣ್ಣೆ ಸವರಿದಂತೆ ಹೊಳೆಯುವ ನೀಳ ಎಲೆ. ಕೊಳವೆಯಂಥ ಸಣ್ಣ ಬಿಳಿ ಹೂವುಗಳು ಗೊಂಚಲು ಗೊಂಚಲಾಗಿ ಬಿಡುತ್ತಿದ್ದವು. ಬಿಸಿಲೇರಿದಂತೆ ಅವುಗಳ ಪರಿಮಳ ಅಂಗಳದವರೆಗೆ ಬರುತ್ತಿತ್ತು. ಆಮೇಲೆ ಕಾಯಿ ಕಟ್ಟಿ, ಹಸಿರು ಹೋಗಿ ನೇರಳೆ ಬಂದು, ಕೊನೆಗೆ ಕಪ್ಪಗೆ ಮಿರಿಮಿರಿ ಹೊಳೆಯುವ ಹಣ್ಣಾಗುತ್ತಿದ್ದವು. ನೋಡಿದರೆ ಬಾಯಲ್ಲಿ ನೀರು ಬರುವಂಥ ಹಣ್ಣು.

ಬಂದವರೆಲ್ಲ ಒಂದೊಂದು ಹೆಸರು ಹೇಳಿದರು. ಒಬ್ಬರು ಮದರಂಗಿ ಎಂದರು. ಮದರಂಗಿಯ ಎಲೆ ಅರೆದರೆ ಕೈ ಕೆಂಪಾಗಬೇಕಲ್ಲ? ಅರೆದು ನೋಡಿದೆವು, ಕೈ ಹಾಗೇ ಉಳಿಯಿತು. ಇನ್ನೊಬ್ಬರು ಕವಳಿ ಹಣ್ಣಿನ ಪೊದೆ ಎಂದರು. ಕವಳಿಗೆ ಮುಳ್ಳಿರುತ್ತದೆ, ಇದಕ್ಕಿರಲಿಲ್ಲ. ನಮ್ಮ ಮನೆಯವರದು ಬೇರೆಯೇ ಸಿದ್ಧಾಂತ. "ಇದು ಮೊಣಕಾಲುದ್ದದ ಕಾಕಿ ಹಣ್ಣಿನ ಗಿಡಾನ. ಕಬ್ಬಿನ ನೆಲ ನೋಡು, ಗೊಬ್ಬರ ನೀರು ತಿಂದು ಆಳೆತ್ತರ ಬೆಳದೈತಿ," ಎಂದರು. ಕಬ್ಬು ಬೆಳೆಯುವವರಿಗೆ ತಮ್ಮ ನೆಲದ ಬಗ್ಗೆ ಇಂಥ ಹೆಮ್ಮೆ ಇದ್ದೇ ಇರುತ್ತದೆ. ನಮ್ಮ ಹೊಲದಲ್ಲಿ ಇರುವೆ ಬಿದ್ದರೂ ಆನೆಯಾಗುತ್ತದೆ ಎನ್ನುವ ಜನ.

ನಾನು ನಿಪ್ಪಾಣಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವಳು. ತವರಿನಿಂದ ಹಳೆಯ ಪುಸ್ತಕ ತರಿಸಿ, ಹೂವು ಬಿಡಿಸಿ, ಎಲೆ ಮಡಚಿ ನೋಡಿದೆ. ಬದನೆ, ಮೆಣಸಿನಕಾಯಿಯ ಬಳಗದ್ದಿರಬಹುದು ಎನ್ನುವಲ್ಲಿಗೆ ನನ್ನ ವಿದ್ಯೆ ಮುಗಿಯಿತು. ಅತ್ತೆ ಮಾತ್ರ ಮೊದಲ ದಿನವೇ ತೀರ್ಪು ಕೊಟ್ಟಿದ್ದರು. "ಹೆಸರಿಲ್ಲದ್ದು. ಯಾರೂ ಇದರ ಹಣ್ಣ ಬಾಯಿಗೆ ಹಾಕಬ್ಯಾಡ್ರಿ." ಯಾರೂ ಹಾಕಲಿಲ್ಲ. ಹೂವಿನ ಪರಿಮಳಕ್ಕೆ ಮನಸೋತು ಅಕ್ಕಪಕ್ಕದ ತೋಟದ ಹೆಂಗಸರು ಟೊಂಗೆ ಮುರಿದುಕೊಂಡು ಹೋಗಿ ತಮ್ಮ ಬೇಲಿಗೆ ನೆಟ್ಟರು, ಅಷ್ಟೇ.

ಈಗ ನಮ್ಮ ಎಮ್ಮೆಯ ವಿಷಯ ಹೇಳಬೇಕು. ಅತ್ತೆ ಐನಾಪುರದ ತವರಿನಿಂದ ಈ ಮನೆಗೆ ಬಂದಾಗ ಅವರ ಹಿಂದೆಯೇ ಒಂದು ಎಮ್ಮೆಯೂ ಬಂದಿತ್ತಂತೆ. ಈ ಎಮ್ಮೆ ಅದರ ಮೊಮ್ಮಗಳ ಮಗಳು. ಅತ್ತೆಯ ಕೈ ಬಿಟ್ಟು ಬೇರೆ ಕೈಗೆ ಹಾಲು ಇಳಿಸುತ್ತಿರಲಿಲ್ಲ. ನಾನು ಚೊಂಬು ಹಿಡಿದು ಹೋದರೆ ಬಾಲದಿಂದ ಮುಖಕ್ಕೇ ಬಾರಿಸುತ್ತಿತ್ತು. ಅತ್ತೆ ತವರಿನ ಸುದ್ದಿಯೆಲ್ಲ ಅದಕ್ಕೆ ಹೇಳುತ್ತಿದ್ದರು, ನನ್ನ ಮೇಲಿನ ದೂರನ್ನೂ ಅದಕ್ಕೇ ಹೇಳುತ್ತಿದ್ದರು. ಗಿಡ ಆಳೆತ್ತರವಾದ ವರ್ಷ ಎಮ್ಮೆ ಹೆಣ್ಣುಗರು ಹಾಕಿತ್ತು. ಅತ್ತೆಗೆ ಮೊಮ್ಮಗಳು ಹುಟ್ಟಿದಷ್ಟು ಸಂಭ್ರಮ. ಐನಾಪುರದ ಬಳ್ಳಿ ಇನ್ನೊಂದು ತಲೆ ಮುಂದುವರಿಯಿತು ಎಂದು ಊರಿಗೆಲ್ಲ ಸಕ್ಕರೆ ಹಂಚಿದರು.

ಆ ಬೇಸಿಗೆ ಕಾಲುವೆಗೆ ನೀರು ಬರುವುದು ತಡವಾಯಿತು. ಕಾರ್ಖಾನೆಯ ಹಂಗಾಮು ಮುಗಿದು ಕಬ್ಬೆಲ್ಲ ಕಟಾವಾಗಿದ್ದರಿಂದ ದನಕ್ಕೆ ಹಾಕಲು ಕಬ್ಬಿನ ಸೋಗೆಯೂ ಇರಲಿಲ್ಲ. ಇದ್ದದ್ದು ಜೋಳದ ದಂಟಿನ ಒಣ ಕಣಕಿ, ಬಿಟ್ಟರೆ ಹಿಂಡಿ. ಸುತ್ತ ಎಲ್ಲ ಬಿಳಿಚಿಕೊಂಡಿರುವಾಗ ಹಸಿರಾಗಿ ನಿಂತದ್ದು ಆ ಗಿಡ ಒಂದೇ. ಎಮ್ಮೆಯೇ ಒಂದು ದಿನ ಹಗ್ಗ ಜಗ್ಗಿ ಅದರ ಟೊಂಗೆಗೆ ಬಾಯಿ ಹಾಕಿತು, ಚಪ್ಪರಿಸಿ ತಿಂದಿತು. ಅತ್ತೆ ನಿಂತು ನೋಡಿದರು. ಮರುದಿನದಿಂದ ಕುಡುಗೋಲು ಹಿಡಿದು ಟೊಂಗೆ ಇಳಿಸತೊಡಗಿದರು. ಅಷ್ಟಮಿ ಚತುರ್ದಶಿಗೆ ಬೇಕಾದದ್ದನ್ನು ಹಿಂದಿನ ದಿನವೇ ಕೊಯ್ದು ಬಿಡಿಸಿಡುತ್ತಿದ್ದರು.

ಹಾಗೆಯೇ ಹಾಕಲಿಲ್ಲ ಅವರು. ಬೆಳಿಗ್ಗೆ ಬೇವಿನ ನೆರಳಲ್ಲಿ ಗೋಣಿಚೀಲ ಹಾಸಿ ಕೂತು, ಪ್ರತಿ ಟೊಂಗೆಯಿಂದ ಒಂದೊಂದು ಹಣ್ಣನ್ನೂ ಬೆರಳಿಂದ ಬಿಡಿಸಿ, ಹಸಿ ಕಾಯಿಯನ್ನೂ ಬಿಡದೆ ಕಿತ್ತು, ಮೊರದಲ್ಲಿ ಹಾಕುತ್ತಿದ್ದರು. ಬರೀ ಎಲೆಯನ್ನು ಎಮ್ಮೆಯ ಗೋದಲಿಗೆ ಹಾಕುತ್ತಿದ್ದರು. ಮೊರದ ಹಣ್ಣನ್ನು ದೂರ ಒಯ್ದು ಕುಣಿ ತೋಡಿ ಮುಚ್ಚುತ್ತಿದ್ದರು. ನಾನು ನಕ್ಕು ಸುಸ್ತಾದೆ.

"ಎಮ್ಮಿಗೂ ನೇಮ ಕೊಟ್ರೇನ್ರಿ ಅತ್ತಿ? ಇನ್ನ ಹೊತ್ತ ಮುಳುಗಿದ ಮ್ಯಾಲೆ ಅದಕ್ಕೂ ಕಣಕಿ ಬಂದ್ ಮಾಡ್ರಿ."

"ನಗು, ನಗು. ನಾ ತಿನ್ನದ ಹಣ್ಣ ಅದಕ್ಕ್ಯಾಕ ತಿನಸ್ಲಿ? ಅದಕ್ಕ ಬಾಯಿ ಇಲ್ಲಂತ ಅಂದ್ರ ಜೀವ ಇಲ್ಲೇನು?"

"ಎಲಿಗೆ ಹೆಸರ ಬ್ಯಾಡೇನ್ರಿ ಹಂಗಾದ್ರ?"

"ಎಲಿ ದನದ ಊಟ. ದನಕ್ಕ ಗೊತ್ತಿರತೈತಿ."

ದನ ತನಗಾಗದ ಸೊಪ್ಪನ್ನು ಮೂಸಿ ಬಿಡುತ್ತದೆ ಎಂದು ನಾನೂ ನಂಬಿದ್ದೆ. ಈ ಸೀಮೆಯಲ್ಲಿ ಹಾಗೆ ನಂಬದವರು ಯಾರಿದ್ದಾರೆ?

ಕೆಲವು ವಾರ ಕಳೆದ ಮೇಲೆ ಎಮ್ಮೆಯ ನಡಿಗೆ ಬದಲಾಯಿತು. ಮುಂಗಾಲು ಮಡಚಲಾರದೆ ಕೋಲಿನ ಮೇಲೆ ನಡೆದ ಹಾಗೆ ನಡೆಯುತ್ತಿತ್ತು. ಬೆನ್ನು ಗೂನಾಯಿತು. ಮಲಗಿದರೆ ಏಳಲು ಒದ್ದಾಡುತ್ತಿತ್ತು. ತಿನ್ನುತ್ತಿತ್ತು, ಆದರೆ ಪಕ್ಕೆಲುಬು ಎದ್ದು ಕಾಣುತ್ತಿದ್ದವು. ಹಾಲು ಇಳಿಯಿತು. ಯಾರದೋ ಕಣ್ಣು ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ಆಮೇಲೆ ಎಲ್ಲರೂ ಹೇಳಿದ್ದು ಒಂದೇ ಮಾತು, ಕ್ಯಾಲ್ಸಿಯಂ ಕಡಿಮೆಯಾಗಿದೆ. ಹಾಲಿನ ಮನೆಗಳಲ್ಲಿ ಇದು ಮಂತ್ರದ ಹಾಗೆ. ಎಮ್ಮೆ ಕುಂಟಿದರೂ ಕ್ಯಾಲ್ಸಿಯಂ, ಮಂಕಾದರೂ ಕ್ಯಾಲ್ಸಿಯಂ. ನಮ್ಮ ಮನೆಯವರು ಚಿಕ್ಕೋಡಿಯಿಂದ ದೊಡ್ಡ ಬಾಟಲಿಗಳನ್ನು ತಂದು ಹಿಂಡಿಯಲ್ಲಿ ಕಲಸಿ ತಿನ್ನಿಸಿದರು. ಬೈಕಿನ ಮೇಲೆ ಬಂದು ದನಕ್ಕೆ ಇಂಜೆಕ್ಷನ್ ಕೊಡುವವರೊಬ್ಬರು ರಕ್ತನಾಳಕ್ಕೂ ಅದನ್ನೇ ಏರಿಸಿದರು. ಅತ್ತೆ ತಮ್ಮ ಪಾಲಿನ ಔಷಧವೆಂದು ಆ ಹಸಿರು ಸೊಪ್ಪನ್ನು ಇನ್ನಷ್ಟು ಹೆಚ್ಚಿಸಿದರು. "ಹಸರ ತಿಂದ್ರ ಶಕ್ತಿ ಬರತೈತಿ ನನ್ನವ್ವಾ, ತಿನ್ನು," ಎಂದು ಗಲ್ಲ ಸವರಿ ಸವರಿ ತಿನ್ನಿಸುತ್ತಿದ್ದರು.

ಒಂದು ಬೆಳಿಗ್ಗೆ ಎಮ್ಮೆ ಏಳಲಿಲ್ಲ. ಅತ್ತೆ ಅದರ ಕೊರಳ ಮೇಲೆ ಕೈಯಿಟ್ಟು ಣಮೋಕಾರ ಮಂತ್ರ ಹೇಳುತ್ತಿದ್ದಂತೆಯೇ ಅದು ಉಸಿರು ಬಿಟ್ಟಿತು.

ಸರಕಾರಿ ದನದ ಡಾಕ್ಟರು ಬಂದಾಗ ಎಲ್ಲ ಮುಗಿದಿತ್ತು. ಅವರು ಕಳೇಬರವನ್ನು ಕೊಯ್ದು ನೋಡಬೇಕೆಂದರು. ಅತ್ತೆ ಎಮ್ಮೆಯ ಮುಂದೆ ನಿಂತು ಕೈ ಅಡ್ಡ ಹಿಡಿದರು. "ಸತ್ತ ಮ್ಯಾಲೂ ಅದಕ್ಕ ಹಿಂಸಾ ಕೊಡತೀರಿ?" ಡಾಕ್ಟರು ಸಮಾಧಾನದವರು. "ಆಯೀ, ಕರು ಉಳೀಬೇಕಂದ್ರ ತಾಯಿ ಯಾಕ ಸತ್ತಿತು ಅನ್ನೂದು ಗೊತ್ತಾಗಬೇಕ್ರಿ," ಎಂದರು. ಕರುವಿನ ಹೆಸರೆತ್ತಿದ ಮೇಲೆ ಅತ್ತೆ ಕೈ ಇಳಿಸಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಹೊಲದ ಬದುವಿನ ಮೇಲೆ ನಿಂತು ನೋಡಿದೆ. ನೋಡಬಾರದಿತ್ತು, ಆದರೆ ನನ್ನ ಸ್ವಭಾವವೇ ಅಂಥದ್ದು. ಡಾಕ್ಟರು ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಚಾಕು ಹಾಕಿದರು. ಮೆತ್ತಗೆ ಸೀಳಬೇಕಾದದ್ದು ಕರ್ರ್ ಎಂದಿತು. ಮಡಕೆಯ ಚೂರನ್ನು ಕಲ್ಲಿಗೆ ಉಜ್ಜಿದಂಥ ಸದ್ದು. ನಾನು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದೆ. ಡಾಕ್ಟರೂ ಕೈ ತೆಗೆದುಬಿಟ್ಟರು. ಆಮೇಲೆ ಆ ನಾಳವನ್ನು ಬಿಡಿಸಿ ತೋರಿಸಿದರು. ಒಳಗೆಲ್ಲ ಬಿಳಿ ಬಿಳಿ ಗಟ್ಟಿ ಹಕ್ಕಳೆ, ಬೆರಳಿನಿಂದ ಒತ್ತಿದರೆ ಪುಟಕ್ ಎಂದು ಮುರಿಯುತ್ತಿತ್ತು. ರಕ್ತ ಹರಿಯುವ ದಾರಿಯಲ್ಲಿ ಯಾರೋ ಸುಣ್ಣ ಬಳಿದಿದ್ದರು! ದೇವರಾಣೆ, ಇವತ್ತಿಗೂ ಮಡಕೆ ಒಡೆದ ಸದ್ದು ಕೇಳಿದರೆ ನನ್ನ ಮೈ ಜುಮ್ಮೆನ್ನುತ್ತದೆ.

"ಇಷ್ಟ ದಿನದಾಗ ನಾ ಹಿಂಗ ಕಂಡಿಲ್ಲರಿ ಅಕ್ಕಾರ," ಎಂದರು ಡಾಕ್ಟರು. "ಏನ್ ಕೊಟ್ಟೀರಿ ಇದಕ್ಕ?"

ಕ್ಯಾಲ್ಸಿಯಂ ಎಂದೆ. ಬಾಟಲಿಗಳನ್ನು ತೋರಿಸಿದೆ. ಅವರು ಹಣೆ ಚಚ್ಚಿಕೊಂಡರು. "ಇವತ್ತಿಂದ ಒಂದ್ ಹನಿ ಕೊಡಬ್ಯಾಡ್ರಿ, ಕರುವಿಗೂ ಬ್ಯಾಡ. ಆದ್ರ ಬರೇ ಬಾಟಲಿಂದ ಇಷ್ಟ ಆಗೂದಿಲ್ಲ. ಮೇವಿನಾಗ ಏನೋ ಐತಿ." ಅತ್ತಿತ್ತ ನೋಡಿದವರ ಕಣ್ಣು ಬೇವಿನ ಬುಡದ ಗಿಡದ ಮೇಲೆ ನಿಂತಿತು. ಅದರ ಅರ್ಧ ಟೊಂಗೆಗಳನ್ನು ಕೊಯ್ಯಲಾಗಿತ್ತು. "ಇದ್ಯಾವ ಗಿಡರಿ?"

"ಅದs ಗೊತ್ತಿಲ್ಲರಿ."

"ನನಗೂ ಗೊತ್ತಿಲ್ಲ. ಗೊತ್ತಿದ್ದವರಿಗೆ ತೋರಸ್ರಿ, ಜಲ್ದಿ."

ಮರುದಿನ ಮುಂಜಾನೆ ಹೂವು, ಹಣ್ಣು, ಎಲೆ ಎಲ್ಲ ಇದ್ದ ಒಂದು ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ನಿಪ್ಪಾಣಿಗೆ ಹೊರಟೆ. ಹೊರಡುವಾಗ ಅತ್ತೆಗೆ ಹೇಳಿದೆ, "ಈ ಗಿಡದ ಮ್ಯಾಲೆ ಡಾಕ್ಟರಿಗೆ ಸಂಶಯ ಐತ್ರಿ." ಅತ್ತು ಅತ್ತು ಅವರ ಕಣ್ಣು ಬಾತಿದ್ದವು. ಗಿಡದ ಕಡೆ ನೋಡಿ, ನಿಧಾನವಾಗಿ ತಲೆಯಾಡಿಸಿದರು. ಅವರಿಗೆ ಅರ್ಥವಾಯಿತು ಎಂದುಕೊಂಡೆ.

ನಿಪ್ಪಾಣಿಯಲ್ಲಿ ನನಗೆ ಸಸ್ಯಶಾಸ್ತ್ರ ಕಲಿಸಿದ ಮೇಡಂ ಆಗ ನಿವೃತ್ತರಾಗಿ ಮನೆಯಲ್ಲೇ ಇದ್ದರು. ಟೊಂಗೆ ಬಿಚ್ಚಿದ್ದೇ ತಡ, ನನ್ನ ಕ್ಷೇಮಸಮಾಚಾರ ಕೇಳುವುದನ್ನೂ ಮರೆತು ಕಿಟಕಿಯ ಬಳಿ ಹೋದರು. ಎಲೆ ಹಿಸುಕಿ ಮೂಸಿದರು. ಹೂವಿನ ಕೊಳವೆಯನ್ನು ಉಗುರಿನಿಂದ ಸೀಳಿ ಭೂತಗನ್ನಡಿಯಲ್ಲಿ ನೋಡಿದರು. ಒಂದು ಹಣ್ಣನ್ನು ಬಿಳಿ ತಟ್ಟೆಯಲ್ಲಿ ಒಡೆದರು, ನೇರಳೆ ರಸ ಚೆಲ್ಲಿತು. ಎರಡು ದಪ್ಪ ಪುಸ್ತಕಗಳನ್ನು ಮಂಚದ ಮೇಲೆ ಹರಡಿಕೊಂಡು ಚಿತ್ರಕ್ಕೂ ಟೊಂಗೆಗೂ ಕಣ್ಣಾಡಿಸುತ್ತ ಕೂತರು. ನಾನು ಚಹಾ ಮುಗಿಸಿ, ಇನ್ನೊಂದು ಚಹಾ ಮುಗಿಸಿದೆ.

"ಇದರ ಪರಿಮಳ ಯಾವಾಗ ಬರತೈತಿ? ಹಗಲೋ ರಾತ್ರಿಯೋ?"

"ಹಗಲ್ರಿ ಮೇಡಂ. ಬಿಸಿಲಾಗ."

"ಹಂಗಾದ್ರ ಅದಾ." ಅವರು ಪುಸ್ತಕ ಮುಚ್ಚಿದರು. "ನಮ್ಮ ರಾತ್ರಿರಾಣಿ ಐತಲ್ಲ, ಅದರ ಬಳಗದ್ದು. ಹಿಂದಿಯವರು ದಿನ್ ಕಾ ರಾಜಾ ಅಂತಾರ. ಸಮುದ್ರದ ಆಚೆ ಕಡೀದು, ಪರಿಮಳಕ್ಕಂತ ಯಾರೋ ತೋಟಕ್ಕ ತಂದು ಹಚ್ಚಿದ್ದು. ಹಕ್ಕಿ ಹಣ್ಣ ತಿಂತಾವ, ಎಲ್ಲಿ ಬೇಕಲ್ಲಿ ಬೀಜ ಹಾಕತಾವ. ಕೆಲವು ದೇಶದಾಗ ಇದು ಬೇಲಿ ದಾಟಿ ಕಾಡ ಆಗೈತಿ. ನಮ್ಮ ಕಡೆನೂ ಹಂಗ ಹಬ್ಬಾಕತ್ತೈತೋ ಏನೋ, ಹೋಗೋವಾಗ ದಾರ್ಯಾಗ ನೋಡ್ಕೋತ ಹೋಗು."

ನನಗೆ ಕಾಡು ಯಾಕೆ ಬೇಕು? ನನ್ನ ಕಿವಿಯಲ್ಲಿ ಆ ಚಾಕುವಿನ ಸದ್ದೇ ಇತ್ತು. ಎಮ್ಮೆಯ ಕಥೆಯನ್ನೆಲ್ಲ ಹೇಳಿದೆ. ಮೇಡಂ ಮುಖ ಬಿಳಿಚಿತು.

"ಬಿಸಿಲಿಗೆ ನಿಂತ್ರ ನಮ್ಮ ಮೈಯಾಗ ಒಂದ್ ಜೀವಸತ್ವ ಹುಟ್ಟತೈತಲ್ಲ, ಕ್ಯಾಲ್ಸಿಯಂ ಹಿಡಿದಿಡೂದು? ಅಂಥದ್ದ ಈ ಗಿಡದಾಗ ಐತಿ, ಬೇಕಾದ್ದಕ್ಕಿಂತ ಎಷ್ಟೋ ಪಟ್ಟು. ದನ ದಿನಾ ತಿಂದ್ರ ಮೈಯಾಗಿನ ಸುಣ್ಣ ಹೊರಗ ಹೋಗಾಂಗಿಲ್ಲ. ರಕ್ತನಾಳಕ್ಕ, ಹೃದಯಕ್ಕ ಹತ್ತಿ ಗಟ್ಟಿ ಆಗತೈತಿ. ಅದರ ಮ್ಯಾಲೆ ನೀವು ಬಾಟಲಿಗಟ್ಟಲೆ ಕ್ಯಾಲ್ಸಿಯಂ ಹಾಕೀರಿ. ಉರಿಯೂ ಬೆಂಕಿಗೆ ತುಪ್ಪ ಸುರಿದಂಗ ಆತು."

"ಆದ್ರ ಮೇಡಂ, ಹಣ್ಣ ಒಂದೂ ಕೊಟ್ಟಿಲ್ಲರಿ. ನಮ್ಮತ್ತಿ ಒಂದೊಂದ ಹಣ್ಣ ಬಿಡಿಸಿ ಬಿಡಿಸಿ ತಗದಾರ."

ಮೇಡಂ ನನ್ನನ್ನೇ ನೋಡಿದರು. "ಹಣ್ಣೂ ಒಳ್ಳೇದಲ್ಲ, ಮನಷ್ಯಾರು ತಿನ್ನಬಾರ್ದು. ಆದ್ರ ನಾ ಹೇಳಿದ ವಿಷ ಹಣ್ಣಿಂದಲ್ಲ ಹುಡಗಿ. ಎಲೀದು."

ಬೇವಿನ ನೆರಳು, ಗೋಣಿಚೀಲ, ಮೊರ, ಮಸಿಬಣ್ಣ ಹತ್ತಿದ ಅತ್ತೆಯ ಬೆರಳುಗಳು ಎಲ್ಲ ಕಣ್ಣ ಮುಂದೆ ಬಂದವು. ಇರುವೆ ಸಾಯುತ್ತದೆಂದು ಕಸ ಗುಡಿಸುವಾಗ ಪೊರಕೆಯನ್ನು ಹಗುರ ಹಿಡಿಯುವ ಹೆಂಗಸು! ಕೈಯಾರೆ, ಗಲ್ಲ ಸವರಿ, ಅವ್ವಾ ಎಂದು ಕರೆದು, ದಿನವೂ ವಿಷವನ್ನೇ ಆರಿಸಿ ಆರಿಸಿ ತಿನ್ನಿಸಿದ್ದರು. ಇದನ್ನು ಅವರಿಗೆ ಹೇಗೆ ಹೇಳಲಿ? ಹೇಳದಿದ್ದರೆ ಹೇಗೆ?

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತೆ. ನೋಡಬಾರದೆಂದರೂ ಕಣ್ಣು ಹೋಗುತ್ತಿತ್ತು. ಚಿಕ್ಕೋಡಿ ದಾಟಿದ ಮೇಲೆ ಒಂದು ಮನೆಯ ಕಾಂಪೌಂಡಿನಲ್ಲಿ ಆ ಹೊಳೆಯುವ ಎಲೆ. ಮುಂದೆ ಕಾಲುವೆಯ ಏರಿಯ ಮೇಲೆ ಒಂದು ಪೊದೆ. ಮತ್ತೆ ರಸ್ತೆಬದಿಯ ಹುಣಸೆ ಮರದಡಿ ಒಂದು ಗುಂಪು, ಪಕ್ಕದಲ್ಲೇ ಕಟ್ಟಿದ ಎರಡು ಆಕಳು. ಓಡುವ ಬಸ್ಸಿನಿಂದ ನೋಡಿದ್ದು, ಕೆಲವು ಬೇರೆ ಗಿಡವೂ ಇದ್ದಿರಬಹುದು. ಆದರೆ ಇಷ್ಟು ವರ್ಷ ಇದೇ ರಸ್ತೆಯಲ್ಲಿ ಓಡಾಡಿದ ನನಗೆ ಒಂದೂ ಕಂಡಿರಲಿಲ್ಲವಲ್ಲ! ಹೆಸರು ಗೊತ್ತಾಗುವವರೆಗೆ ಅದೆಲ್ಲ ನನಗೆ ಬರೀ ಹಸಿರಾಗಿತ್ತು. ಬಸ್ಸು ನಿಲ್ಲಿಸಿ ಆ ಆಕಳ ಮಾಲೀಕನನ್ನು ಕೂಗಬೇಕೆನಿಸಿತು. ಕಂಡಕ್ಟರ್ ನನ್ನನ್ನು ಹುಚ್ಚಿ ಎನ್ನುತ್ತಿದ್ದನು.

ಮನೆ ಮುಟ್ಟಿದಾಗ ನಮ್ಮ ಮನೆಯವರು ಅಂಗಳದಲ್ಲೇ ಸಿಕ್ಕರು. ಎಲ್ಲ ಹೇಳಿದೆ. ಅವರು ಕಟ್ಟೆಯ ಮೇಲೆ ಕುಸಿದರು. "ಅವ್ವಗ ಹೇಳಬ್ಯಾಡ ಮಾರಾಯ್ತಿ. ಅಕಿ ತಡಕೊಳ್ಳಾಂಗಿಲ್ಲ. ಗಿಡ ಕಡದು ಒಗದಬಿಡತೀನಿ, ಮುಗೀತು."

"ಎಲ್ಲಿ ಅವರು?"

"ಹಿಂದ ಅದಾಳ, ಕರು ಕಡೆ."

ಕರು ಎಂದದ್ದೇ ತಡ, ಓಡಿದೆ.

ಬೇವಿನ ನೆರಳಲ್ಲಿ ಗೋಣಿಚೀಲ ಹಾಸಿತ್ತು. ಅತ್ತೆ ಕೂತಿದ್ದರು. ಪಕ್ಕದಲ್ಲಿ ಮೊರ, ಮೊರದಲ್ಲಿ ಕಪ್ಪು ಹಣ್ಣು, ಇನ್ನೊಂದು ಬದಿಗೆ ಒಂದು ಬಕೆಟ್ ನೀರು. ಈ ಸಲ ಅವರು ಹಣ್ಣು ಬಿಡಿಸುವುದಷ್ಟೇ ಅಲ್ಲ, ಪ್ರತಿ ಎಲೆಯನ್ನೂ ನೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ತಾಯಿಯಿಲ್ಲದ ಕರುವಿನ ಬಾಯಿಗೆ ತಾವೇ ಇಡುತ್ತಿದ್ದರು. ನನ್ನನ್ನು ಕಂಡು ಹೇಳಿದರು, "ಡಾಕ್ಟರು ಅಂದದ್ದು ಖರೇ ಇರಬೇಕು. ಒಂದ್ ಹಣ್ಣ ನನ್ನ ಕಣ್ಣ ತಪ್ಪಿಸಿ ಹೋಗೈತಿ. ಇದಕ್ಕ ಹಂಗ ಆಗಗೊಡಾಂಗಿಲ್ಲ ನಾ."

ನಾನು ಕಿರುಚಿದೆ. ಏನೆಂದು ಕಿರುಚಿದೆನೋ ಗೊತ್ತಿಲ್ಲ. ಕರುವಿನ ಬಾಯೊಳಗೆ ಕೈ ಹಾಕಿ ಅಗಿದ ಸೊಪ್ಪನ್ನು ಕಿತ್ತು ತೆಗೆದೆ. ಗೋದಲಿಯಲ್ಲಿದ್ದ ಸೊಪ್ಪನ್ನು ಬಾಚಿ ಬಾಚಿ ಎಸೆದೆ. "ಎಲೀದs ವಿಷ ಅತ್ತಿ! ಹಣ್ಣಲ್ಲ, ಎಲಿ! ಎಮ್ಮಿ ಸತ್ತದ್ದು ಇದರಿಂದನ!" ಗಂಡ ಹಿಂದಿನಿಂದ ಓಡಿ ಬರುತ್ತ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ಆಗಲೇ ಮಾತು ಬಾಯಿ ಬಿಟ್ಟು ಹೊರಗೆ ಬಿದ್ದಿತ್ತು.

ಅತ್ತೆ ನನ್ನ ಮುಖ ನೋಡಿದರು, ಕೈಯಲ್ಲಿದ್ದ ಎಲೆ ನೋಡಿದರು, ಮೊರ ನೋಡಿದರು.

"ಹಣ್ಣ ತಗದಿದ್ನಲ್ಲ ನಾ?" ಎಂದರು.

ಅಷ್ಟೇ. ನಾನು ಅವರ ಮುಂದೆ ಕೂತು ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಬಕೆಟ್ಟಿನ ನೀರಲ್ಲಿ ಕೈ ಅದ್ದಿ, ಬೆರಳಿನ ನೇರಳೆ ಕಲೆಯನ್ನು ಉಜ್ಜುತ್ತ ಕೂತರು. ಅದು ಹೋಗಲಿಲ್ಲ. ಜಗಳಗಂಟಿ ನಾನು, ಆ ಹೊತ್ತು ಅವರು ನನಗೆ ಎರಡು ಬಾರಿಸಿದ್ದರೂ ಸಂತೋಷಪಡುತ್ತಿದ್ದೆ.

ಆ ದಿನವೇ ನಮ್ಮ ಮನೆಯವರು ಗಿಡವನ್ನು ಬುಡಕ್ಕೆ ಕಡಿದರು. ಡಾಕ್ಟರು ಬಂದು ಕರುವನ್ನು ನೋಡಿದರು. ಇಷ್ಟು ದಿನ ತಾಯಿಯ ಗೋದಲಿಗೆ ಬಾಯಿ ಹಾಕುತ್ತಿದ್ದ ಅದರ ಮುಂಗಾಲು ಆಗಲೇ ಸ್ವಲ್ಪ ಬಿಗಿದಿತ್ತು. "ಸೊಪ್ಪ ಪೂರ್ತಿ ಬಂದ್ ಆದ್ರ ಉಳೀಬಹುದು, ಇನ್ನ ಒಂದೀಟ ಒಳಗ ಹೋದ್ರೂ ನಾ ಹೇಳಾಂಗಿಲ್ಲ," ಎಂದರು. ಮರುದಿನ ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಯಾರ ಮನೆಗೂ ಸುಮ್ಮನೆ ಹೋಗದವರು, ಟೊಂಗೆ ಒಯ್ದಿದ್ದ ಪ್ರತಿ ತೋಟದ ಬಾಗಿಲಿಗೆ ಹೋಗಿ ನಿಂತರು. "ನನ್ನ ಎಮ್ಮಿ ನಾನs ಕೊಂದೇನಿ. ನಿಮ್ಮ ಬೇಲ್ಯಾಗಿನ ಗಿಡ ಕೀಳ್ರಿ," ಎಂದರು. ಕೆಲವರು ಕಿತ್ತರು. ಕೆಲವರು ಮುದುಕಿಗೆ ಎಮ್ಮೆ ಹೋದ ದುಃಖಕ್ಕೆ ತಲೆ ಕೆಟ್ಟಿದೆ ಎಂದರು. ಇನ್ನು ಕೆಲವರ ಬೇಲಿಯಲ್ಲಿ ಅದು ಇನ್ನೂ ಪರಿಮಳ ಬಿಡುತ್ತಿದೆ.

ಮಳೆ ಬಿತ್ತು. ನಾವು ಕಡಿದ ಗಿಡದ ಬುಡ ಚಿಗುರಿತು. ಅಷ್ಟೇ ಅಲ್ಲ, ಬೇವಿನ ಮರದ ಸುತ್ತ ಅದೇ ಹೊಳೆಯುವ ಎಲೆಯ ಸಣ್ಣ ಸಸಿಗಳು ಎದ್ದವು. ಹಕ್ಕಿಗಳಿಗೆ ಯಾರು ನೇಮ ಕೊಡಬೇಕು?

ಅವತ್ತು ಚತುರ್ದಶಿ. ಅತ್ತೆ ಬಸದಿಗೆಂದು ಬಿಳಿ ಸೀರೆಯುಟ್ಟು, ತಟ್ಟೆಯಲ್ಲಿ ಅಕ್ಕಿ ಹಿಡಿದು ಹೊರಟಿದ್ದರು. ಕರು ಬೇವಿನಡಿ ಹಗ್ಗ ಜಗ್ಗಿ, ಕುತ್ತಿಗೆ ಉದ್ದ ಮಾಡಿ, ಒಂದು ಸಸಿಯ ಕಡೆ ನಾಲಗೆ ಚಾಚುತ್ತಿತ್ತು. ಅತ್ತೆ ನಿಂತರು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟರು. ಕೆಸರಿಗೆ ಇಳಿದು, ಬಾಗಿ, ಸಸಿಯ ಬುಡಕ್ಕೆ ಕೈ ಹಾಕಿದರು. ನಾನು ಕಂಡಂತೆ ಆ ತಿಥಿಯಲ್ಲಿ ಒಂದು ಕರಿಬೇವಿನ ಎಸಳನ್ನೂ ಮುರಿಯದವರು ಅವರು.

"ಅತ್ತಿ, ಇವತ್ತ ಚತುರ್ದಶಿ ಐತ್ರಿ. ಬಿಡ್ರಿ, ನಾ ಕೀಳತೀನಿ."

"ನೀ ಕಿತ್ರ ಪಾಪ ನಿನಗ ಬರತೈತಿ. ಇದು ನನ್ನದು, ನನಗs ಹತ್ತಲಿ."

ಬೇರು ಸಮೇತ ಕಿತ್ತರು. ಆಮೇಲೆ ಇನ್ನೊಂದು, ಮತ್ತೊಂದು. ಪ್ರತಿ ಸಸಿ ಕೀಳುವಾಗಲೂ ತುಟಿ ಅಲುಗುತ್ತಿತ್ತು, ಕ್ಷಮೆ ಕೇಳುತ್ತಿದ್ದರು ಎಂದು ಕಾಣುತ್ತದೆ. ಬಿಳಿ ಸೀರೆ ಮೊಣಕಾಲವರೆಗೆ ಕೆಸರಾಯಿತು. ನಾನು ಹತ್ತಿರ ಹೋಗಲಿಲ್ಲ, ಹೋಗಲು ಧೈರ್ಯ ಬರಲಿಲ್ಲ. ಅವತ್ತು ಅವರು ಬಸದಿಗೆ ಹೋಗಲಿಲ್ಲ.

ಕರು ಬದುಕಿತು. ಮುಂಗಾಲಿನ ಬಿಗಿ ಬಿಡಲು ಬಹಳ ಕಾಲ ಬೇಕಾಯಿತು, ಈಗಲೂ ಚಳಿಗಾಲದಲ್ಲಿ ಸ್ವಲ್ಪ ಕುಂಟುತ್ತದೆ. ಬೆಳೆದು ಎಮ್ಮೆಯಾಗಿ ತಾನೂ ಈಯಿತು. ಅದರ ತಾಯಿಯ ಹಾಗೆಯೇ, ಅತ್ತೆಯ ಕೈಗಲ್ಲದೆ ಹಾಲು ಕೊಡುವುದಿಲ್ಲ, ನಾನು ಹತ್ತಿರ ಹೋದರೆ ಬಾಲದಿಂದ ಬಾರಿಸುತ್ತದೆ. ಅತ್ತೆ ದಿನಾ ಹಿಂಡುತ್ತಾರೆ, ಕಾಯಿಸುತ್ತಾರೆ, ಹೆಪ್ಪು ಹಾಕುತ್ತಾರೆ, ನಮಗೆಲ್ಲ ಬಡಿಸುತ್ತಾರೆ. ತಮ್ಮ ತಟ್ಟೆಗೆ ಮಾತ್ರ ಒಂದು ಹನಿ ಮಜ್ಜಿಗೆಯನ್ನೂ ಹಾಕಿಕೊಳ್ಳುವುದಿಲ್ಲ. ಮುನಿಗಳ ಮುಂದೆ ಹಿಡಿದ ನೇಮವಲ್ಲ ಅದು, ಯಾರಿಗೂ ಹೇಳದೆ ತಾವೇ ಹಿಡಿದದ್ದು.

ಒಂದು ದಿನ ಸಿಟ್ಟು ತಡೆಯದೆ ಕೇಳಿಯೇಬಿಟ್ಟೆ. "ಎಷ್ಟ ದಿನಾರಿ ಅತ್ತಿ ಇದು? ಪಾಪ, ಅದು ನಿಮ್ಮನ್ನ ಬಿಟ್ಟು ಒಬ್ಬರನ್ನೂ ಹತ್ರ ಬಿಟ್ಕೊಳ್ಳಾಂಗಿಲ್ಲ. ಅದರ ಹಾಲ ನೀವs ಕುಡೀಲಿಲ್ಲಂದ್ರ ಹೆಂಗ?"

ಅತ್ತೆ ಹಾಲಿನ ಪಾತ್ರೆಯನ್ನು ನನ್ನ ಕೈಗಿಟ್ಟರು.

"ಅದರವ್ವಗ ನಾ ಏನ್ ತಿನಿಸಿದ್ನಿ ಅಂತ ಅದಕ್ಕ ಗೊತ್ತಿಲ್ಲ. ನನಗ ಗೊತ್ತೈತಲ್ಲ," ಎಂದರು.